ಮಾರಿಸಿನ ಎಡಗೈ

ಹೊಗಳಬೇಕು, ಆದರೆ ಬೇಕು ಅನ್ನಿಸದ ಹಾಗೆ ಹೊಗಳಬೇಕು ಎಂದು ದರ್ಸೊನೊ ಬಚ್ಚಲುಮನೆಯಿಂದಲೇ ಅಭ್ಯಾಸ ಮಾಡಿಕೊಂಡು ಹೊರಟಿದ್ದ. 'ಎಷ್ಟು ಚೆನ್ನಾಗಿ ಇಟ್ಟುಕೊಂಡಿದೀರಿ' ಎಂದರೆ ವಸ್ತುವಿನ ಮೇಲೆ ಕಣ್ಣು ಬಿದ್ದಿದೆ ಎಂದು ಸಾರಿದಂತೆ. 'ಇದು ಇನ್ನೂ ಇದೆಯಾ' ಎಂದರೆ ಇಷ್ಟು ಕಾಲ ಯಾಕೆ ಎಸೆಯಲಿಲ್ಲ ಎಂದು ಕೇಳಿದಂತೆ. ಸುಮ್ಮನೆ ಅದರ ಕಡೆ ನೋಡಿ, ನಿಟ್ಟುಸಿರಿಗಿಂತ ಒಂದೆಳೆ ಸಣ್ಣದಾದ ಉಸಿರು ಬಿಟ್ಟು, 'ಚೊಕ್ರೊ ಅಂದರೆ ಚೊಕ್ರೊನೇ' ಎಂದು ಸತ್ತ ಗೆಳೆಯನ ಹೆಸರು ಹೇಳಿದರೆ ಸರಿಹೋದೀತು. ಆಗ ಗೆಳೆಯನ ಹೆಂಡತಿ ಸುಲಾಸ್ತ್ರಿ ತಗೊಳ್ಳಿ ಎನ್ನುತ್ತಾಳೆ. ಬೇಡ ಎನ್ನಬೇಕು. ಮತ್ತೆ ತಗೊಳ್ಳಿ ಎನ್ನುತ್ತಾಳೆ. ಮತ್ತೂ ಬೇಡ ಎನ್ನಬೇಕು, ಈ ಸಲ ಸ್ವಲ್ಪ ನೊಂದುಕೊಂಡವನ ಹಾಗೆ. ಮೂರನೆಯ ಸಲ ಎರಡೂ ಕೈ ಚಾಚಿ, ತಲೆ ತಗ್ಗಿಸಿ, ನನ್ನ ಮೇಲೆ ಭಾರ ಹೊರಿಸಿದಿರಲ್ಲಾ ಎಂಬ ಮುಖ ಮಾಡಿ ತೆಗೆದುಕೊಳ್ಳಬೇಕು. ಜಾವಾದ ಸೋಲೋ ಪಟ್ಟಣದಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಸಂಗತಿ ಇದು. ದರ್ಸೊನೊ ಅಂತೂ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಡೆನುಡಿಯ ಪಾಠ ಹೇಳಿಯೇ ನಿವೃತ್ತನಾದವನು. ಕೂತ ಹಿರಿಯರ ಮುಂದೆ ಹಾಯುವಾಗ ಬೆನ್ನು ಎಷ್ಟು ಬಾಗಬೇಕು ಎಂಬುದನ್ನು ಕಪ್ಪುಹಲಗೆಯ ಮೇಲೆ ಕೋನ ಬರೆದು ತೋರಿಸಿದವನು. ಆದರೂ ಸ್ಟೀರಿಂಗು ಹಿಡಿದ ಅಂಗೈ ಬೆವರುತ್ತಿತ್ತು.

ಸಂತೆಯ ಮೂಲೆಯಲ್ಲಿ ಎಡಕ್ಕೆ ತಿರುಗಬೇಕಿತ್ತು. ತಿರುಗಲಿಲ್ಲ. ನೆಟ್ಟಗೆ ಮುಂದೆ ಹೋಗಿ ಬಲಕ್ಕೆ, ಮತ್ತೆ ಬಲಕ್ಕೆ, ಇನ್ನೊಮ್ಮೆ ಬಲಕ್ಕೆ ತಿರುಗಿ, ಬಾತಿಕ್ ಬಟ್ಟೆ ಒಣಹಾಕಿದ ಹಿತ್ತಿಲುಗಳನ್ನೆಲ್ಲ ಸುತ್ತಿ, ಎಡಕ್ಕೆ ತಿರುಗಿದ್ದರೆ ಎಲ್ಲಿರುತ್ತಿದ್ದನೋ ಅಲ್ಲಿಗೇ ಬಂದು ಸೇರಿದ. ಅವನ ಮಾರಿಸ್ ಮೈನರ್ ದೀಪ ಮಿಟುಕಿಸುವ ಕಾಲದ ಕಾರಲ್ಲ. ಬಾಗಿಲ ಹಿಂದಿನ ಕಂಬದಲ್ಲಿ ಎರಡೂ ಬದಿಗೆ ಒಂದೊಂದು ಸೀಳು. ಸೀಳಿನೊಳಗೆ ಗೇಣುದ್ದದ ಒಂದು ಕೈ ಮಲಗಿರುತ್ತದೆ. ಗುಂಡಿ ತಿರುಗಿಸಿದರೆ ಟಕ್ಕೆಂದು ಎದ್ದು ಅಡ್ಡಕ್ಕೆ ಚಾಚಿಕೊಂಡು, ಜೇನಿನ ಬಣ್ಣದ ತನ್ನ ಬೆರಳನ್ನು ಬೆಳಗಿಸಿ, ಈ ಕಡೆ ತಿರುಗುತ್ತಿದ್ದೇನೆ, ಅಪ್ಪಣೆಯಾಗಲಿ ಎನ್ನುತ್ತದೆ. ಬಲಗೈ ಹಾಗೆ ಎನ್ನುತ್ತಿತ್ತು. ಎಡಗಡೆಯ ಸೀಳು ಬರಿದಾಗಿತ್ತು. ಹೆಡ್‌ಲೈಟಿನ ಗಾಜಿನಿಂದ ಹಿಡಿದು ಬೂದಿ ಉದುರಿಸುವ ಬಟ್ಟಲಿನ ತನಕ ಆ ಕಾರಿನಲ್ಲಿ ಎಲ್ಲವೂ ಒರಿಜಿನಲ್ಲು, ಅದೊಂದು ಕೈ ಬಿಟ್ಟು. ಹಳೆಯ ಕಾರುಗಳ ಸಂಘದ ಗೆಳೆಯರು ನಗುತ್ತಿದ್ದರು: "ನಿನ್ನ ಕಾರಿಗೆ ಬಹಳ ಸಂಸ್ಕಾರ ಕಣಯ್ಯಾ, ಎಡಗೈ ಹೊರಗೆ ತೆಗೆಯೋದೇ ಇಲ್ಲ." ಅವನೂ ನಗುತ್ತಿದ್ದ. ಮನೆಗೆ ಬಂದು ಊಟ ಬಿಡುತ್ತಿದ್ದ.

ಮೊದಲು ಆ ಕೈಯ ಕೆಲಸವನ್ನು ಅವನ ಹೆಂಡತಿ ವರ್ಸಿನಿ ಮಾಡುತ್ತಿದ್ದಳು. ಎಡಗಡೆಯ ಸೀಟಿನಲ್ಲಿ ಕೂತವಳು ಎಡಗೈಯನ್ನು ಕಿಟಕಿಯಾಚೆ ಚಾಚಿದರೆ ಮುಗಿಯುವ ಮಾತು; ಆದರೆ ನಡುಬೀದಿಯಲ್ಲಿ, ಗೊತ್ತಿದ್ದವರು ಗೊತ್ತಿಲ್ಲದವರು ಎಲ್ಲರ ಮೂತಿಗೆ ನಡೆನುಡಿ ಮೇಷ್ಟ್ರ ಹೆಂಡತಿ ಎಡಗೈ ತೋರಿಸುವುದುಂಟೆ? ಅವಳು ಬಲಗೈಯನ್ನು ಎದೆಯ ಅಡ್ಡಕ್ಕೆ ತಂದು, ಸೊಂಟ ತಿರುಚಿ, ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕೈ ಚಾಚುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಯಾರೋ ಮುದುಕಿ ಕಾರಿನಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದಾಳೆ ಅನ್ನಿಸುತ್ತಿತ್ತು. ಕೊನೆಗೆ ಭುಜ ಹಿಡಿದುಕೊಂಡಿತು. ಈಗ ಆ ಕೈ ಕಿವಿಯ ತನಕವೂ ಏಳುವುದಿಲ್ಲ. "ನಿಮ್ಮ ಕಾರಿನ ಒಂದು ಕೈ ಹೋಗಿತ್ತು, ನನ್ನದೂ ಒಂದು ಹೋಯ್ತು. ಜೋಡಿ ಸರಿಹೋಯ್ತಲ್ಲ," ಎಂದು ಮೂಲಂಗಿ ಹೆಚ್ಚುತ್ತ ಅವಳು ಹೇಳಿದಾಗ, ಅದು ತಮಾಷೆಯೋ ಅಲ್ಲವೋ ತಿಳಿಯದೆ ಅವನು ಮೂಲಂಗಿಯನ್ನೇ ನೋಡಿದ್ದ.

ಹೊಸ ಕೈ ಮಾಡಿ ಮಾರುವವರು ಇಲ್ಲದಿಲ್ಲ. ಒಮ್ಮೆ ತರಿಸಿ ಹಾಕಿಯೂ ನೋಡಿದ್ದ. ಶರಬತ್ತಿನ ಬಣ್ಣ, ಏಳುವಾಗ ಟಕ್ಕೆನ್ನದೆ ಟಿಕ್ಕೆನ್ನುತ್ತಿತ್ತು. ಇಡೀ ಕಾರಿಗೆ ಕಟ್ಟಿಸಿದ ಹಲ್ಲು ಹಾಕಿಕೊಂಡವರ ನಗು ಬಂದಂತಾಗಿ ಮೂರೇ ದಿನಕ್ಕೆ ಕಿತ್ತುಹಾಕಿದ. ಕೀಳುವಾಗ ತನ್ನ ಬಾಯಲ್ಲಿರುವುದೂ ಕಟ್ಟಿಸಿದ ಹಲ್ಲೇ, ಬಲಗಣ್ಣಿನೊಳಗಿನ ಗಾಜೂ ಯಾರೋ ಡಾಕ್ಟರು ಇಟ್ಟದ್ದೇ ಎಂಬುದು ನೆನಪಾಗಿ, ಈ ಗ್ಯಾರೇಜಿನಲ್ಲಿ ಕಡಮೆ ಒರಿಜಿನಲ್ಲಾಗಿರುವುದು ತಾನೊಬ್ಬನೇ ಎನ್ನಿಸಿ ಸಿಟ್ಟು ಬಂದಿತ್ತು. ಗುಜರಿ ಸಂತೆಯಲ್ಲಿ ಹಿಂದೆಲ್ಲ ಬೆಳಿಗ್ಗೆ ಬೇಗ ಹೋದರೆ ಏನಾದರೊಂದು ಸಿಗುತ್ತಿತ್ತು: ಚಕ್ರದ ತಟ್ಟೆ, ಬಾಗಿಲ ಹಿಡಿ. ಈಗ ಎಷ್ಟು ಬೇಗ ಹೋದರೂ ಅವನಂತಹ ನಾಲ್ಕು ಮುದುಕರು ಸಿಗುತ್ತಾರೆ, ಅಷ್ಟೆ. ಒರಿಜಿನಲ್ ಪಾರ್ಟುಗಳು ಹುಟ್ಟುವುದಿಲ್ಲ. ಯಾರಾದರೂ ಸತ್ತಾಗ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತವೆ. ಹಾಗಾಗಿ ಸಂಘದವರಿಗೆ ಸಾವಿನ ಮನೆಯೆಂದರೆ ಎರಡು ಕೆಲಸ. ಕಣ್ಣೊರೆಸಿಕೊಳ್ಳುವುದು ಪಡಸಾಲೆಯಲ್ಲಿ, ಆಮೇಲೆ ಗಾಳಿಗೆ ಹೋಗುವ ನೆಪದಲ್ಲಿ ಒಬ್ಬೊಬ್ಬರಾಗಿ ಗ್ಯಾರೇಜಿನ ಕಡೆ. ಒಮ್ಮೆ ಒಂದು ಮನೆಯಲ್ಲಿ ಹೆಣ ಇನ್ನೂ ಏಳುವ ಮೊದಲೇ ಏಳು ಮಂದಿ ಕತ್ತಲ ಗ್ಯಾರೇಜಿನಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದಿದ್ದರು. ಎಲ್ಲರೂ ಏಕಕಾಲಕ್ಕೆ 'ಕ್ಷಮಿಸಬೇಕು' ಎಂದಿದ್ದರು.

ಚೊಕ್ರೊನ ಗ್ಯಾರೇಜಿನಲ್ಲಿ ಮಾತ್ರ ಏನೂ ಇರಲಿಲ್ಲ. ಅವನದೂ ಅದೇ ವರ್ಷದ ಮಾರಿಸ್. ಸಾಯುವ ಬಹಳ ಮೊದಲೇ ಜಕಾರ್ತಾದ ಯಾರೋ ದುಡ್ಡಿದ್ದವನಿಗೆ ಮಾರಿಬಿಟ್ಟಿದ್ದ. ಮಾರುವ ಹಿಂದಿನ ದಿನ ಅದರ ಎಡಗೈ ಕಳಚಿಟ್ಟುಕೊಂಡ. ಯಾಕೆ ಎಂದು ಕೇಳಿದ್ದಕ್ಕೆ ಹೇಳಿದ್ದ: "ಪೂರ್ತಿ ಕಾರು ಕೊಟ್ಟರೆ ಆ ಮನುಷ್ಯ ಬೆಳಿಗ್ಗೆ ಎದ್ದು ಏನು ಮಾಡಬೇಕು ಹೇಳು? ಪಾಪ, ಹುಡುಕೋಕೆ ಏನಾದರೂ ಬೇಡವಾ ಅವನಿಗೆ?" ಆಮೇಲೆ ಆ ಕೈಗೆ ಬೆತ್ತದ ಹಿಡಿಯೊಂದನ್ನು ಕೆಂಪು ದಾರದಲ್ಲಿ ಬಿಗಿದು, ಅದರಿಂದ ಬೆನ್ನು ತುರಿಸಿಕೊಳ್ಳತೊಡಗಿದ. ಜಾವಾ ದ್ವೀಪದಲ್ಲೆಲ್ಲ ಉಳಿದಿದ್ದ ಒಂದೇ ಒರಿಜಿನಲ್ ಎಡಗೈ, ಅದರಿಂದ ಬೆನ್ನು! ದರ್ಸೊನೊ ಹೋದಾಗಲೆಲ್ಲ, ಟೀ ಬರುವ ಮುಂಚೆ, ಅಂಗಿಯೊಳಕ್ಕೆ ಅದನ್ನು ಇಳಿಸಿ, ಕಣ್ಣು ಅರೆಮುಚ್ಚಿ, "ಇಂಗ್ಲೆಂಡಿನವರು ಏನೇ ಹೇಳು, ಬೆನ್ನಿನ ಅಳತೆ ಗೊತ್ತಿದ್ದೋರು," ಎನ್ನುತ್ತಿದ್ದ. ಅದನ್ನು ಕಂಬಕ್ಕೆ ಕೂರಿಸುವ ಜೋಳದ ಕಾಳಿನಷ್ಟು ಗಾತ್ರದ ತಿರುಪನ್ನೂ ಮಾತ್ರೆಯ ಡಬ್ಬಿಯಲ್ಲಿಟ್ಟುಕೊಂಡು ಆಗಾಗ ತೆರೆದು ತೋರಿಸುವನು: "ಇದರ ಸುತ್ತು ನೋಡು. ಈಗ ಭೂಮಿಯ ಮೇಲೆ ಯಾರೂ ಹೀಗೆ ಕೊರೆಯೋಲ್ಲ. ಇದಿಲ್ದೆ ಆ ಕೈ ಬರೀ ಕಡ್ಡಿ." ಒಂದೇ ಒಂದು ಸಲ, ಕೊಡು ಎಂದು ಬಾಯಿಬಿಟ್ಟಿದ್ದರೆ ಅವನು ಕೊಡುತ್ತಿದ್ದನೇ? ಕೊಡುತ್ತಿದ್ದ. ಅದೇ ಕಾರಣಕ್ಕೆ ದರ್ಸೊನೊ ಕೇಳಲಿಲ್ಲ. ಕೇಳಲಿಲ್ಲ ಎಂಬ ಕಾರಣಕ್ಕೇ ಚೊಕ್ರೊ ಕೊಡಲಿಲ್ಲ. ಹೀಗೆ ಇಬ್ಬರು ಮರ್ಯಾದಸ್ಥರು ವರ್ಷಗಟ್ಟಲೆ ಒಂದು ಬೆನ್ನಿನ ಎರಡೂ ಕಡೆ ಕೂತು ಟೀ ಕುಡಿದರು.

ಇಂದು ಚೊಕ್ರೊ ತೀರಿಕೊಂಡ ಸಾವಿರದ ದಿನ. ಆ ದಿನದ ಪ್ರಾರ್ಥನೆಯಾಗಿ ನೆರೆಹೊರೆಗೆ ಊಟ ಹಂಚಿದ ಮೇಲೆ ಸತ್ತವನಿಗೂ ಮನೆಗೂ ಲೇವಾದೇವಿ ಮುಗಿಯಿತು. ಅವನ ಸಾಮಾನನ್ನು ಕೊಡುವವರು ಕೊಡಬಹುದು. ಅಲ್ಲಿಯ ತನಕ ಕೇಳುವಂತಿಲ್ಲ, ನೋಡಬಹುದಷ್ಟೆ. ದರ್ಸೊನೊ ನೋಡಿಕೊಂಡು ಬಂದಿದ್ದ.

"ಅಯ್ಯೋ ಮಾಸ್, ಇಷ್ಟು ಬೇಗ! ಚಾಪೇನೇ ಹಾಸಿಲ್ಲ ಇನ್ನೂ," ಎಂದಳು ಸುಲಾಸ್ತ್ರಿ. ಮಾಸ್ ಎಂದರೆ ಅಣ್ಣ. ಆದರೆ ಅವಳ ಬಾಯಲ್ಲಿ ಆ ಅಣ್ಣ ಯಾವಾಗಲೂ ಏನೋ ಕದ್ದು ತಿಂದು ಸಿಕ್ಕಿಬಿದ್ದವನಂತೆ ಕೇಳಿಸುತ್ತಿದ್ದ.

"ಹಾಸೋಕೇ ಬಂದೆ ಬು," ಎಂದ. ಬು ಎಂದರೆ ಅಮ್ಮ, ಹೆಂಗಸರನ್ನು ಮರ್ಯಾದೆಯಿಂದ ಕರೆಯುವ ಮಾತು.

"ನಿಮ್ಮ ಮೊಣಕಾಲಲ್ಲಿ ಚಾಪೆ ಹಾಸಿದ್ರೆ ನಿಮ್ಮನ್ನ ಎಬ್ಬಿಸೋಕೆ ಇನ್ನಿಬ್ಬರನ್ನ ಕರೀಬೇಕು. ಕೂತ್ಕೊಳ್ಳಿ ಸುಮ್ನೆ. ವರ್ಸಿನಿ ಬರ್ಲಿಲ್ವಾ?"

"ಭುಜ ನೋವು."

"ಹೌದೌದು. ಎಡಕ್ಕೆ ತಿರುಗೋ ಭುಜ." ಅವಳು ಕುರ್ಚಿಯಲ್ಲಿ ಕೂತು, ಮೇಜಿನ ಮೇಲಿದ್ದ ಅದನ್ನು ಎತ್ತಿಕೊಂಡು, ಏನೂ ಯೋಚಿಸದವಳಂತೆ ಕುಪ್ಪಸದ ಹಿಂಭಾಗಕ್ಕೆ ಇಳಿಸಿದಳು. ಜೇನು ಬಣ್ಣದ ತುದಿ ಮರೆಯಾಯಿತು. ಬೆತ್ತದ ಹಿಡಿ ಮೇಲೆ ಕೆಳಗೆ ಆಡಿತು. ದರ್ಸೊನೊಗೆ ತನ್ನ ಬೆನ್ನೇ ಒಂದು ಕಡೆ ಕಡಿಯತೊಡಗಿತು. ಈಗ. ಈಗ ಹೇಳಬೇಕು. ಅವನು ಉಸಿರು ಬಿಟ್ಟ. ಅದು ನಿಟ್ಟುಸಿರಿಗಿಂತ ಎರಡೆಳೆ ದೊಡ್ಡದೇ ಆಯಿತು.

"ಚೊಕ್ರೊ ಅಂದರೆ ಚೊಕ್ರೊನೇ," ಎಂದ.

ಅವಳು ಕಣ್ಣ ಮೂಲೆಯಿಂದ ನೋಡಿದಳು. "ಅವರಿದ್ದಾಗಲೂ ಇದನ್ನ ನೋಡ್ತಾ ನೋಡ್ತಾ ನಿಮ್ಮ ಟೀ ಆರಿಹೋಗ್ತಿತ್ತು. ತಗೊಂಡ್ಹೋಗಿ ಮಾಸ್. ಕಾರಿಗೆ ಆಗಬಂದ್ರೆ ಆಗ್ಲಿ."

"ಛೆ ಛೆ, ಎಲ್ಲಾದ್ರೂ ಆಗುತ್ತಾ! ಅವನ ನೆನಪು ಅದು. ನಿಮ್ಮ ಹತ್ರಾನೇ ಇರ್ಲಿ."

"ನಿಜವಾಗ್ಲೂ. ನಂಗೆ ಬೆನ್ನು ತುರಿಸೋಕೆ ಬೇರೆ ಕಡ್ಡಿ ಸಿಗಲ್ವಾ?"

"ಬೇಡ ಬು." ಅವನು ನೊಂದುಕೊಂಡ. ಚೆನ್ನಾಗಿಯೇ ನೊಂದುಕೊಂಡ, ಕಣ್ಣಂಚು ನಿಜವಾಗಿ ಒದ್ದೆಯಾಯಿತು. "ನಾನು ಹೇಗೆ ತಗೊಳ್ಳಲಿ ಹೇಳಿ? ಕೈ ಬರಲ್ಲ ನಂಗೆ."

ಮೂರನೆಯದಕ್ಕೆ ಅವನ ಅಂಗೈಗಳು ತೊಡೆಯ ಮೇಲೆ ಆಗಲೇ ಅರ್ಧ ಬಿಚ್ಚಿಕೊಂಡಿದ್ದವು. ಸುಲಾಸ್ತ್ರಿ ಅದನ್ನು ಮೇಜಿನ ಮೇಲಿಟ್ಟಳು, ಎದ್ದು ನಿಂತಳು, ಸೆರಗು ಸರಿಮಾಡಿಕೊಂಡಳು. "ಹ್ಞೂಂ. ಸರಿ," ಎಂದಳು. "ಟೀ ಕುಡೀರಿ, ಆರೋಕೆ ಬಿಡಬೇಡಿ. ನಾನು ಒಲೆ ಮೇಲಿನ ಅಪೆಮ್ ಎಷ್ಟು ಬೆಂದಿದೆ ನೋಡಿಬರ್ತೀನಿ." ಅಡುಗೆಮನೆಯ ಪರದೆ ಅವಳ ಹಿಂದೆ ಬಿದ್ದುಕೊಂಡಿತು.

ಎಲ್ಲಿ ತಪ್ಪಿದೆ ಎಂದು ದರ್ಸೊನೊ ಹುಡುಕಿದ. ಎರಡನೆಯ ಬೇಡದಲ್ಲಿ ನೋವು ಹೆಚ್ಚಾಯಿತೆ? ಬಲು ಒಳ್ಳೆಯ ನಟನ ಪಾತ್ರವನ್ನು ಜನ ನಂಬಿಬಿಡುವ ಹಾಗೆ ಆಯಿತೆ? ತನ್ನ ವಿದ್ಯಾರ್ಥಿನಿಯರಿಗೆ ಅವನು ಎಷ್ಟು ಸಲ ಹೇಳಿಲ್ಲ: ಬೇಡ ಎನ್ನುವಾಗ ಬಾಗಿಲು ಮುಚ್ಚಬಾರದು, ಚಿಲಕ ಹಾಕದೆ ಓರೆ ಮಾಡಬೇಕು. ಅಥವಾ ಈಕೆಗೆ ಎಲ್ಲಾ ತಿಳಿದಿದೆಯೆ? ಗಂಡನ ಆಟವನ್ನು ಹೆಂಡತಿ ಮುಂದುವರಿಸುತ್ತಿದ್ದಾಳೆಯೆ? ಮೇಜಿನ ಮೇಲೆ ಅದು ಮಲಗಿತ್ತು. ಬಿಸಿಲು ಜಾಲಂಧ್ರದಿಂದ ಇಳಿದು ಅದರ ತುದಿಯೊಳಗೆ ಹೊಕ್ಕು, ಮೇಜಿನ ಮೇಲೆ ಜೇನಿನ ಒಂದು ಹನಿ ಚೆಲ್ಲಿತ್ತು. ಆ ಹೊತ್ತಿಗೇ ಗೇಟಿನಾಚೆ ಗುನಾದಿಯ ದನಿ ಕೇಳಿತು. ಗುನಾದಿ ಸಂಘಕ್ಕೆ ಹೊಸಬ, ಸುರಬಾಯದವನು. ಆ ಊರಿನವರು ಬೇಕು ಅನ್ನಿಸಿದರೆ ಬೇಕು ಎಂದೇಬಿಡುತ್ತಾರಂತೆ. "ಬು ಸುಲಾಸ್ತ್ರೀ! ಆ ಮಾರಿಸ್ ಕೈ ಯಾರಿಗೂ ಕೊಟ್ಟುಬಿಟ್ಟಿಲ್ಲ ತಾನೆ? ನಂಗೇ ಬೇಕು ನೋಡಿ ಅದು!" ಗೇಟು ಇನ್ನೂ ತೆರೆದಿರಲಿಲ್ಲ, ಮಾತು ಆಗಲೇ ಒಳಗೆ ಬಂದು ಕೂತಿತ್ತು.

ಕಳ್ಳತನಕ್ಕೆ ಮುಂಚೆ ಮನುಷ್ಯನೊಳಗೆ ಒಂದು ಜಗಳ ನಡೆಯುತ್ತದೆ, ಒಬ್ಬ ಸೋಲುತ್ತಾನೆ, ಆಮೇಲೆ ಕೈ ಮುಂದೆ ಹೋಗುತ್ತದೆ ಎಂದು ದರ್ಸೊನೊ ಇಲ್ಲಿಯ ತನಕ ತಿಳಿದಿದ್ದ. ಹಾಗೇನೂ ಆಗಲಿಲ್ಲ. ಅದು ಮೇಜಿನ ಮೇಲಿತ್ತು. ಆಮೇಲೆ ಅವನ ಬಾತಿಕ್ ಅಂಗಿಯೊಳಗೆ, ಬೆತ್ತದ ಹಿಡಿ ಪ್ಯಾಂಟಿನ ಸೊಂಟಪಟ್ಟಿಯಲ್ಲಿ ಸಿಕ್ಕಿಕೊಂಡು, ಜೇನು ಬಣ್ಣದ ತುದಿ ಕುತ್ತಿಗೆಯ ಹಿಂದೆ ಕಾಲರಿಗೆ ತಾಗಿ, ಬೆನ್ನುಮೂಳೆಯ ಮೇಲೆ ಎರಡನೆಯ ಬೆನ್ನುಮೂಳೆಯಾಗಿ ನಿಂತಿತ್ತು. ತೆಗೆದುಕೊಂಡದ್ದು ಬಲಗೈಯಲ್ಲಿ. ಅದನ್ನು ಅವನು ಆಮೇಲೆಯೂ ತನ್ನ ಪರವಾಗಿ ನೆನೆಯುತ್ತಿದ್ದ.

ಮೇಜು ಕುರ್ಚಿ ಒಳಗೆ ಸರಿಸಿ ಚಾಪೆ ಹಾಸಿದರು. ಜನ ಬಂದರು. ನೆರೆಯವರು, ಸಂಘದವರು, ಪ್ರಾರ್ಥನೆ ಹೇಳುವವರು, ಬಾಗಿಲ ಬಳಿಯ ಗೋಡೆಗೆ ಒರಗಿ ಕೂತ, ಇಡೀ ಬೀದಿಗೇ ಹಿರಿಯನಾದ ಕರ್ತೊ ಅಜ್ಜ. ಬಂದವರಿಗೆಲ್ಲ ದಾರಿ ಬಿಡುತ್ತ ಬಿಡುತ್ತ ದರ್ಸೊನೊ ಹೊಸಿಲ ಹತ್ತಿರ ನಿಂತುಬಿಟ್ಟಿದ್ದ. ಖಾಲಿಯಿದ್ದ ಜಾಗ ಪಡಸಾಲೆಯ ಆ ಕೊನೆಯಲ್ಲಿ. ಅಲ್ಲಿಗೆ ಹೋಗಬೇಕಾದರೆ ಕೂತ ಎಲ್ಲ ಹಿರಿಯರ ಮುಂದೆ ಹಾಯಬೇಕು. ಹಾಯುವುದೆಂದರೆ ನಡು ಬಗ್ಗಿಸಿ, ಬಲಗೈಯನ್ನು ನೆಲದ ಕಡೆ ಇಳಿಬಿಟ್ಟು, ಅಪ್ಪಣೆ ಅಪ್ಪಣೆ ಎನ್ನುತ್ತ, ನಾನು ಇಲ್ಲಿ ಹಾದೇ ಇಲ್ಲ ಎನ್ನುವ ಹಾಗೆ ಹಾಯುವುದು. ಅವನು ಬಗ್ಗಲು ನೋಡಿದ. ಬೆತ್ತ ಬಗ್ಗಲಿಲ್ಲ. ಮೊಣಕಾಲಾದರೂ ಮಡಚೋಣವೆಂದರೆ ಅದು ಅವನ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. 'ಅಪ್ಪಣೆ' ಎಂದು ಬಾಯಲ್ಲಿ ಅಷ್ಟೇ ಹೇಳಿಕೊಂಡು, ತಲೆ ಎತ್ತಿ, ಎದೆ ಮುಂದೆ ಮಾಡಿ, ಊರಿನ ಸಮಸ್ತ ಹಿರಿಯರ ಮೂಗಿನ ನೇರಕ್ಕೆ ತನ್ನ ಪ್ಯಾಂಟನ್ನು ಒಯ್ಯುತ್ತ ದರ್ಸೊನೊ ನೆಟ್ಟಗೆ ನಡೆದುಹೋದ. ಯಾರದೋ ಟೀ ಬಟ್ಟಲು ತಟ್ಟೆಗೆ ತಾಗಿದ ಸದ್ದು. "ಯಾರಪ್ಪಾ ಇದು, ಕವಾಯತು ಹೊರಟಿರೋದು?" ಎಂದ ಕರ್ತೊ ಅಜ್ಜ. "ದರ್ಸೊನೊ ಮೇಷ್ಟ್ರು, ಅಜ್ಜಾ." "ಸುಳ್ಳು ಹೇಳ್ಬೇಡ," ಎಂದ ಅಜ್ಜ. "ಅವನು ನನ್ನ ಮೊಮ್ಮಗಳಿಗೆ ಬಗ್ಗೋದು ಕಲಿಸಿದೋನು."

ದರ್ಸೊನೊನ ಕಿವಿ ಉರಿಯಿತು. ಇಡೀ ಬದುಕಿನ ಒಳ್ಳೆಯ ಹೆಸರು ಹತ್ತು ಹೆಜ್ಜೆಯಲ್ಲಿ ಹೋಯಿತು. ಕದ್ದದ್ದಕ್ಕಲ್ಲ, ಬಗ್ಗದೇ ಇದ್ದದ್ದಕ್ಕೆ. ಕದ್ದದ್ದು ಯಾರಿಗೂ ಗೊತ್ತಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೋದರೆ, ಬಗ್ಗಲಿಲ್ಲ ಎಂಬುದೇ ಹೆಚ್ಚು ಚುಚ್ಚುತ್ತಿತ್ತು. ಪ್ರಾರ್ಥನೆ ಶುರುವಾಯಿತು. ಸಾಲುಗಟ್ಟಿ ಕೂತವರೆಲ್ಲ ಜಪದ ಲಯಕ್ಕೆ ಎಡಕ್ಕೆ ಬಲಕ್ಕೆ ತೂಗತೊಡಗಿದರು, ಗಾಳಿಗೆ ಭತ್ತದ ಗದ್ದೆ ತೂಗಿದ ಹಾಗೆ. ಗದ್ದೆಯ ನಡುವೆ ನೆಟ್ಟ ಬೆರ್ಚಪ್ಪನಂತೆ ಅವನೊಬ್ಬ ಅಲುಗದೆ ನಿಂತಿದ್ದ, ಕೂತಲ್ಲೇ. ಹಿಂದೆ, ಪರದೆಯ ಆಚೆ ಹೆಂಗಸರು ಕೂತಿದ್ದರು. ಅವನ ಕುತ್ತಿಗೆಯ ಹಿಂಭಾಗ ಅವರ ಕಡೆಗಿತ್ತು. ಒಂದು ಬೆವರ ಹನಿ ಕೂದಲಿನಿಂದ ಹೊರಟು, ಕಾಲರು ದಾಟಿ, ಕೈಯ ತಗಡಿನ ಮೇಲಿಂದ ನಿಧಾನವಾಗಿ ಇಳಿಯಿತು. ಒಳ್ಳೆಯ ತಗಡು ಎಂದು ಅವನ ಮನಸ್ಸಿನ ಯಾವುದೋ ನಾಚಿಕೆಯಿಲ್ಲದ ಭಾಗ ಅಂದುಕೊಂಡಿತು. ಹೊಸದಾಗಿದ್ದರೆ ತುಕ್ಕು ಹಿಡಿಯುತ್ತಿತ್ತು. ಚೊಕ್ರೊ, ಕ್ಷಮಿಸು ಎಂದ. ಚೊಕ್ರೊ ಎಲ್ಲೋ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿರುವಂತೆ ಕಂಡಿತೇ ಹೊರತು ಕ್ಷಮಿಸಿದಂತೆ ಕಾಣಲಿಲ್ಲ.

ಪ್ರಾರ್ಥನೆ ಮುಗಿದಾಗ ಸುಲಾಸ್ತ್ರಿ ಪರದೆ ಸರಿಸಿ ಹೊಸಿಲ ಮೇಲೆ ಬಂದು ನಿಂತಳು.

"ಹಿರಿಯರ ಅಪ್ಪಣೆ ಕೇಳಿ ಒಂದು ಮಾತು," ಎಂದಳು. "ಇವತ್ತಿಗೆ ಅವರ ಋಣ ತೀರ್ತು. ಅವರ ಒಂದು ಸಾಮಾನು ನನ್ನ ಹತ್ರ ಇದೆ. ಸಂಘದೋರಿಗೆಲ್ಲ ಅದ್ಯಾವುದು ಅಂತ ಗೊತ್ತು."

ಗುನಾದಿ ನೆಟ್ಟಗಾದ. "ನಾನು ಬರುವಾಗಲೇ ಕೇಳಿದ್ದೀನಿ," ಎಂದ.

"ಕೇಳಿಸ್ತು ಗುನಾದಿ, ಬೀದಿಗೆಲ್ಲ ಕೇಳಿಸ್ತು." ಹಲವರು ನಕ್ಕರು. "ಅದನ್ನ ಮಾಸ್ ದರ್ಸೊನೊಗೇ ಕೊಡಬೇಕು ಅಂತ ಅವರ ಆಸೆ. ಮಧ್ಯಾಹ್ನ ಎರಡು ಸಲ ಕೇಳಿದೆ, ಎರಡು ಸಲಾನೂ ಬೇಡ ಅಂದ್ರು, ಒಳ್ಳೆ ಮನುಷ್ಯರು. ಮೂರನೇ ಸಲ ನಿಮ್ಮೆಲ್ಲರ ಎದುರಿಗೆ ಕೇಳೋಣ, ಮರ್ಯಾದೆಯಾಗಿ ಕೈಗೆ ಕೊಡೋಣ ಅಂತ ಇಟ್ಕೊಂಡಿದ್ದೆ. ಇರಿ, ತರ್ತೀನಿ."

ಅವಳು ಒಳಗೆ ಹೋದಳು. ಎಲ್ಲರ ಮುಖವೂ ದರ್ಸೊನೊನ ಕಡೆ ತಿರುಗಿ ನಗುತ್ತಿತ್ತು; ನೆಟ್ಟಗೆ ನಡೆದ ಅಪರಾಧವನ್ನೂ ಅವರು ಆಗಲೇ ಮಾಫಿ ಮಾಡಿದ್ದರು, ಗೆಳೆಯನನ್ನು ಕಳಕೊಂಡ ದುಃಖ ಅವನ ಬೆನ್ನಿಗೆ ಹಾಗೆ ಮಾಡಿರಬೇಕು ಎಂದು. ಅವನು ನಗಲು ನೋಡಿದ. ತನಗೇ ಕೊಡಲು ಇಟ್ಟದ್ದನ್ನು ಕದ್ದವನು ಈ ಊರಿನಲ್ಲಿ ಇನ್ನೊಬ್ಬನಿರಲಾರ. ಈಗಲೇ ಎದ್ದು ಅಂಗಿಯೊಳಕ್ಕೆ ಕೈ ಹಾಕಿ ತೆಗೆದರೆ? ಯಾವ ಮಾತಿನಿಂದ ಶುರುಮಾಡುವುದು? ಅದಕ್ಕೊಂದು ಮರ್ಯಾದೆಯ ಮಾತು ಅವನ ಪಾಠಗಳಲ್ಲಿ ಯಾವುದರಲ್ಲೂ ಇರಲಿಲ್ಲ. ಒಳಗೆ ಕುರ್ಚಿ ಎಳೆದ ಸದ್ದಾಯಿತು. ಡ್ರಾಯರು ತೆರೆದ ಸದ್ದು. ಮತ್ತೊಂದು ಡ್ರಾಯರು. ಸುಲಾಸ್ತ್ರಿ ಬರಿಗೈಯಲ್ಲಿ ಬಂದಳು.

"ಮೇಜಿನ ಮೇಲೇ ಇಟ್ಟಿದ್ದೆ," ಎಂದಳು. "ಇಲ್ಲ."

"ಇಲ್ಲ ಅಂದ್ರೆ? ಯಾರೋ ಹೊಡ್ಕೊಂಡಿದ್ದಾರೆ," ಎಂದ ಗುನಾದಿ, ಸುರಬಾಯದ ಬಾಯಲ್ಲಿ. ಆ ಪದ ಚಾಪೆಯ ಮೇಲೆ ಬಿ‍ದ್ದು ಹಾಗೇ ಉಳಿಯಿತು. ಎಲ್ಲರೂ ಗುನಾದಿಯನ್ನು ನೋಡದೇ ಇರತೊಡಗಿದರು. ಸೋಲೋದವರು ಒಬ್ಬನನ್ನು ಅನುಮಾನಿಸುವುದೇ ಹಾಗೆ. ಟೀ ಬಟ್ಟಲು, ಚಾವಣಿ, ಸ್ವಂತ ಉಗುರು ಎಲ್ಲವನ್ನೂ ನೋಡುತ್ತಾರೆ. ಅದು ಅವನಿಗೂ ತಿಳಿಯಿತು. ಮುಖ ಕೆಂಪಾಯಿತು. "ಓ, ನಾನಾ? ನೋಡ್ಕೊಳ್ಳಿ ಬೇಕಾದ್ರೆ!" ಎಂದು ಜೇಬುಗಳನ್ನು ಹೊರಕ್ಕೆ ಎಳೆದ: ಲವಂಗದ ಸಿಗರೇಟು, ಫೋನು, ಹಳೆಯದೊಂದು ಸ್ಪಾರ್ಕ್ ಪ್ಲಗ್ಗು. "ಇದು ಹೋದ ವಾರದ ಸಾವಿಂದು, ಕೇಳಿ ಇಸ್ಕೊಂಡಿದ್ದು. ಇನ್ನೇನಿದೆ? ಈಗ ಎಲ್ರೂ ತೋರಿಸ್ರಿ. ಒಬ್ಬೊಬ್ರಾಗಿ ಎದ್ದು ನಿಂತು ಅಂಗಿ ಕೊಡವ್ರಿ!"

ನಲವತ್ತು ದಾಟಿದ ಮನುಷ್ಯ, ಆದರೂ ಅಳುವ ಹಾಗಿದ್ದ. ಅವನ ಮೇಲಿನ ಕನಿಕರವೋ, ಅಂಗಿ ಕೊಡವಬೇಕಾದೀತು ಎಂಬ ಹೆದರಿಕೆಯೋ, ಎರಡನ್ನೂ ಬಿಡಿಸಿ ನೋಡಲು ಸಮಯವಿರಲಿಲ್ಲ. ದರ್ಸೊನೊ ತನ್ನ ದನಿ ತನಗೇ ಕೇಳಿಸುವ ಮೊದಲೇ ಮಾತಾಡಿಬಿಟ್ಟಿದ್ದ.

"ಯಾರೂ ಕದ್ದಿಲ್ಲ," ಎಂದ. "ಚೊಕ್ರೊನೇ ತಗೊಂಡುಹೋದ."

ಕರ್ತೊ ಅಜ್ಜ ನಿಧಾನವಾಗಿ ತಲೆಯಾಡಿಸಿದ. "ಆಗುತ್ತೆ," ಎಂದ. "ಸಾವಿರದ ದಿನ ಬರ್ತಾರೆ. ಪ್ರೀತಿದು ಏನಾದ್ರೂ ಒಂದು ಒಯ್ತಾರೆ. ನನ್ನ ಚಿಕ್ಕಪ್ಪ ಎಲೆಯಡಿಕೆ ಡಬ್ಬಿ ಒಯ್ದ." ಆಮೇಲೆ ಎಲ್ಲರಿಗೂ ಒಂದೊಂದು ನೆನಪಾಯಿತು. ಎಲ್ಲರ ಹೆಗಲೂ ಒಮ್ಮೆಗೇ ಸಡಿಲಾಯಿತು. ಕಳ್ಳನ ಜೊತೆಗಿಂತ ದೆವ್ವದ ಜೊತೆ ಒಂದೇ ಚಾಪೆಯಲ್ಲಿ ಕೂರುವುದು ಎಷ್ಟೋ ಮರ್ಯಾದೆಯ ಸಂಗತಿ. "ನಂಗೆ ಆಗಲೇ ಮೈ ಜುಮ್ ಅಂದಿತ್ತು," ಎಂದ ಗುನಾದಿ, ಜೇಬು ಒಳಕ್ಕೆ ತುರುಕಿಕೊಳ್ಳುತ್ತ. "ಸಂಘದೋರಿಗೆಲ್ಲ ಇದನ್ನ ಹೇಳ್ಬೇಕು. ಸುರಬಾಯದೋರಿಗೂ ಹೇಳ್ಬೇಕು." ಆಗಷ್ಟೇ ದರ್ಸೊನೊಗೆ ತಾನೇನು ಮಾಡಿದೆ ಎಂಬುದು ಹೊಳೆದದ್ದು. ಪರಲೋಕಕ್ಕೆ ಹೋದ ಕೈ ಇನ್ನು ಯಾವ ಕಾರಿನ ಕಂಬದಿಂದಲೂ ಟಕ್ಕೆಂದು ಏಳುವ ಹಾಗಿಲ್ಲ. ಅದು ಅವನದಾಗಿತ್ತು, ಜಗತ್ತಿನಲ್ಲಿ ಇನ್ನಾರದೂ ಆಗದಷ್ಟು ಅವನದು.

"ಅವರೇ ತಗೊಂಡುಹೋದ್ರಾ?" ಎಂದಳು ಸುಲಾಸ್ತ್ರಿ. ಅವಳು ಅವನ ಹಿಂದೆಯೇ ನಿಂತಿದ್ದಳು. "ಹಾಗಾದ್ರೆ ಪಾಪ, ಅಲ್ಲೂ ಬೆನ್ನು ಕಡೀತಾ ಇರಬೇಕು."

ಹೊರಡುವಾಗ ಬಾಗಿಲಲ್ಲಿ ಎಲ್ಲರಿಗೂ ಊಟದ ಪೊಟ್ಟಣ ಕೊಡುತ್ತಿದ್ದರು. ಅವನ ಸರದಿ ಬಂದಾಗ ಅವಳು ಒಂದು ನಿಮಿಷ ಎಂದು ಒಳಗೆ ಹೋಗಿ, ಬೇರೆಯದೇ ಒಂದನ್ನು ತಂದು ಕೈಗಿತ್ತಳು. ಅವನು ಎರಡೂ ಕೈ ಚಾಚಿದ, ತಲೆ ಬಗ್ಗಿಸಲಾಗಲಿಲ್ಲ. "ಕಾಲರ್ ಜಾರಿದೆ ಮಾಸ್," ಎಂದು ಅವಳು ಎರಡು ಬೆರಳಲ್ಲಿ ಅವನ ಕಾಲರನ್ನು ಮೇಲೆಳೆದು, ಕುತ್ತಿಗೆಯ ಹಿಂದೆ ಏನನ್ನೋ ಮೆಲ್ಲಗೆ ಮುಚ್ಚಿದಳು. "ಹೋಗಿಬನ್ನಿ. ಅಪೆಮ್ ವರ್ಸಿನಿಗೆ ಕೊಡಿ. ನಿಧಾನಕ್ಕೆ ಅಗೀಲಿ ಅನ್ನಿ."

ಕಾರಿನ ಸೀಟಿಗೆ ಒರಗಲಾಗದೆ ನೆಟ್ಟಗೆ ಕೂತು ಬಂದ. ಸಂಜೆಯ ಬೀದಿ ತುಂಬ ಸ್ಕೂಟರುಗಳು. ಅವಳ ಬೆರಳು ತಾಗಿದ ಜಾಗ ಇನ್ನೂ ಬಿಸಿಯಾಗಿತ್ತು. ಕಂಡಳು, ಯಾವಾಗ ಕಂಡಳು? ಪ್ರಾರ್ಥನೆಯ ಹೊತ್ತಿಗೇ? ಅಥವಾ ನೆಟ್ಟಗೆ ನಡೆದಾಗಲೇ? ಎಡಕ್ಕೆ ಹೊರಳಬೇಕಾದ ತಿರುವಿನಲ್ಲಿ, ಮೂರು ಸಲ ಬಲಕ್ಕೆ ಸುತ್ತುವುದನ್ನು ಮರೆತು, ಯಾರ ಅಪ್ಪಣೆಯನ್ನೂ ಕೇಳದೆ ಅವನು ಸೀದಾ ಎಡಕ್ಕೆ ತಿರುಗಿಬಿಟ್ಟ. ಸೈಕಲ್ ರಿಕ್ಷಾದವನೊಬ್ಬ ಬ್ರೇಕು ಕಿರುಚಿಸಿ ಕೂಗಿದ: "ಏ ಅಜ್ಜಾ! ಕೈ ಎಲ್ಲಿ ಹೋಯ್ತು ನಿಂದು?"

ಮನೆಯಲ್ಲಿ ವರ್ಸಿನಿ ಪೊಟ್ಟಣ ಬಿಚ್ಚಿ ಮೊದಲು ಅಪೆಮ್‌ಗೇ ಕೈ ಹಾಕಿದಳು. ಅಕ್ಕಿಹಿಟ್ಟಿನ ಆ ಮೆತ್ತನೆಯ ರೊಟ್ಟಿ ಕ್ಷಮೆಯ ತಿಂಡಿ. ಸತ್ತವರ ತಪ್ಪಿಗೆ ಬದುಕಿದವರು ತಿನ್ನುವುದು. ನಾಲ್ಕು ಸಲ ಅಗಿದವಳು ಮುಖ ಕಿವಿಚಿ, ಬಾಯಿಂದ ಏನನ್ನೋ ತೆಗೆದು ಅಂಗೈಯಲ್ಲಿಟ್ಟು ನೋಡಿದಳು.

"ಇದೇನ್ರೀ, ಅಪೆಮ್ ಒಳಗೆ ಮೊಳೆ? ಪಾಪ ಸುಲಾಸ್ತ್ರಿ, ಕಣ್ಣು ಪೂರ್ತಿ ಮಂಜಾಗಿದೆ ಅನ್ಸುತ್ತೆ."

ಜೋಳದ ಕಾಳಿನಷ್ಟು ಗಾತ್ರದ ತಿರುಪು. ಈಗ ಭೂಮಿಯ ಮೇಲೆ ಯಾರೂ ಕೊರೆಯದ ಸುತ್ತು. ಅವಳು ಅದನ್ನು ಕಿಟಕಿಯಾಚೆ ಎಸೆಯಲು ಎಡಗೈ ಎತ್ತಿದಳು.

"ಕೊಡು," ಎಂದ ದರ್ಸೊನೊ.

ಮದುವೆಯಾದಂದಿನಿಂದ ಅವನು ಏನನ್ನಾದರೂ ಹೀಗೆ ಒಂದೇ ಮಾತಿನಲ್ಲಿ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಕೊಟ್ಟಳು. "ನೆಟ್ಟಗೆ ನಿಂತಿದೀರಲ್ಲ ಅದೇನು, ಫೋಟೋ ತೆಗೆಸೋರ ಹಾಗೆ?" ಎಂದಳು, ಉತ್ತರಕ್ಕೆ ಕಾಯದೆ ಮಣೆಯ ಮೇಲೆ ಆ ಕಡೆ ತಿರುಗಿ ಕೂತಳು. "ಅದೆಲ್ಲ ಇರ್ಲಿ, ಇಲ್ಲಿ ಬನ್ನಿ. ಮಧ್ಯಾಹ್ನದಿಂದ ಬೆನ್ನು ಕಡೀತಾ ಇದೆ. ಈ ಭುಜ ಎತ್ತೋಕಾಗಲ್ಲ, ಯಾರನ್ನ ಕೇಳಲಿ? ಗೋಡೆಗೆ ಉಜ್ಜಿಕೊಂಡೆ, ಎಮ್ಮೆ ಹಾಗೆ."

ಅವನು ಅವಳ ಬೆನ್ನನ್ನು ನೋಡಿದ. ಕಿಟಕಿಯಾಚೆ ಗ್ಯಾರೇಜಿನಲ್ಲಿ ಮಾರಿಸ್ ತನ್ನ ಖಾಲಿ ಸೀಳನ್ನು ಇತ್ತ ಮಾಡಿಕೊಂಡು ನಿಂತಿತ್ತು. ತಿರುಪನ್ನು ಜೇಬಿಗೆ ಹಾಕಿಕೊಂಡ. ಕಿಟಕಿಯ ಪರದೆ ಎಳೆದ. ಕಾಲರಿನೊಳಕ್ಕೆ ಕೈಯಿಳಿಸಿ ಅದನ್ನು ಮೇಲಕ್ಕೆ ಎಳೆದು ತೆಗೆದ. ಬೆನ್ನುಮೂಳೆ ಒಂದೊಂದೇ ಗಂಟಾಗಿ ಹಿಂತಿರುಗಿ ಬಂದು ಬಾಗಿತು, ಬೇಕಾದಷ್ಟು, ಯಾವ ಹಿರಿಯರೂ ಎದುರಿಗಿಲ್ಲದಿದ್ದಾಗ. ಜೇನು ಬಣ್ಣದ ತುದಿಯನ್ನು ಅಂಗಿಯ ತೋಳಿಗೆ ಒರೆಸಿ, ಅವಳ ಕುಪ್ಪಸದ ಹಿಂಭಾಗಕ್ಕೆ ಇಳಿಸಿದ.

"ಆಹಾ," ಎಂದಳು ವರ್ಸಿನಿ ಕಣ್ಣುಮುಚ್ಚಿ. ಏನದು ಎಂದು ಕೇಳಲಿಲ್ಲ. "ಅಲ್ಲಲ್ಲ, ಅಲ್ಲಲ್ಲ. ಎಡಕ್ಕೆ."

ಅವನು ಎಡಕ್ಕೆ ತಿರುಗಿಸಿದ.

"ಇನ್ನೂ ಎಡಕ್ಕೆ."